ನೀರು ಬಾರದ ಬೋರಿನ ಲೆಕ್ಕ ಯಾರ ಹತ್ತಿರ ಇದೆ?

ಬೋರ್‌ವೆಲ್ ಲಾರಿ ಹೊಲಕ್ಕೆ ಬಂದ ರಾತ್ರಿ ಮನೆಮಂದಿಯೆಲ್ಲ ಕಣ್ಣಿಟ್ಟು ನೋಡುವುದು ಒಂದನ್ನೇ. ಧೂಳು ಬರುತ್ತಿದೆಯೋ, ಕೆಸರು ಬರುತ್ತಿದೆಯೋ? ಮೊದಲು ಕೆಂಪು ಮಣ್ಣು, ಆಮೇಲೆ ಹಳದಿ ಗರಸು, ಕೇಸಿಂಗ್ ಇಳಿಸಿದ ಮೇಲೆ ನುಣ್ಣನೆಯ ಬೂದು ಪುಡಿ. ನಡುವೆ ಒಮ್ಮೊಮ್ಮೆ ಪುಡಿಯ ಜೊತೆ ತುಕ್ಕು ಬಣ್ಣದ ದಪ್ಪ ಚೂರುಗಳು ಹಾರಿ ಬರುತ್ತವೆ, ಕೊರೆಯುವ ರಾಡು ತಟ್ಟನೆ ಕೆಳಗೆ ಜಾರುತ್ತದೆ. ಕಲ್ಲಿನಲ್ಲಿ ಬಿರುಕು ಸಿಕ್ಕಿತು ಅಂತ ಅರ್ಥ. ಆ ಬಿರುಕಿನಲ್ಲಿ ಎಂದೋ ನೀರು ಹರಿದು ಕಲ್ಲಿನ ಕಬ್ಬಿಣ ತುಕ್ಕು ಹಿಡಿದಿದೆ. ಇಷ್ಟೆಲ್ಲ ಕಥೆ ಹೇಳುವ ಪುಡಿ ಬೆಳಗಾಗುವಷ್ಟರಲ್ಲಿ ಗುಡ್ಡೆ ಬಿದ್ದಿರುತ್ತದೆ, ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ಯಾರೂ ಒಂದು ಚೀಟಿಯಲ್ಲೂ ಬರೆದಿಡುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಹೊಸ ಆವಿಷ್ಕಾರ ಬೇಕಾದ ಜಾಗ ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಈ ಪುಡಿಯ ಗುಡ್ಡೆಯನ್ನೇ.

ನೀರು ಹುಡುಕಲು ಸದ್ಯಕ್ಕೆ ಇಲ್ಲಿರುವ 'ತಂತ್ರಜ್ಞಾನ' ಅಂದರೆ ತೆಂಗಿನಕಾಯಿ. ಪಾಯಿಂಟ್ ಮಾಡುವವರು, ಅಂದರೆ ಎಲ್ಲಿ ಕೊರೆಯಬೇಕು ಅಂತ ಜಾಗ ಗುರುತಿಸುವವರು, ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ. ಒಂದು ಕಡೆ ಕಾಯಿ ಎದ್ದು ನಿಲ್ಲುತ್ತದೆ. ಅಲ್ಲೇ ಅರಿಸಿನ ಕುಂಕುಮ, ಅಲ್ಲೇ ಗೂಟ. ಕೆಲವರು ಬೇವಿನ ಕವೆಕೋಲು ಹಿಡಿಯುತ್ತಾರೆ. ಓ ಪಾಸಿಟಿವ್ ರಕ್ತ ಇದ್ದವರಿಗೆ ಮಾತ್ರ ಇದು ಬರುತ್ತದಂತೆ! ನಮ್ಮಲ್ಲಿ ಸುಮಾರು ಮೂವರಲ್ಲಿ ಒಬ್ಬರದು ಅದೇ ಗುಂಪು. ರಕ್ತದ ಗುಂಪುಗಳು ಗೊತ್ತಾಗಿದ್ದೇ 1901ರಲ್ಲಿ. ಜರ್ಮನಿಯ ಗಣಿಗಳಲ್ಲಿ ಕವೆಕೋಲು ಹಿಡಿದು ಓಡಾಡುವವರ ಚಿತ್ರ 1556ರ ಪುಸ್ತಕದಲ್ಲೇ ಇದೆ. ಪಾಪ, ಅವರಿಗೆಲ್ಲ ತಮ್ಮ ರಕ್ತ ಯಾವುದು ಅಂತ ಗೊತ್ತೇ ಇರಲಿಲ್ಲ.

ಪಾಯಿಂಟ್ ಮಾಡುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಕಾಯಿ ನಿಜವಾಗಿಯೂ ಎದ್ದು ನಿಲ್ಲುತ್ತದೆ, ನಾವು ಎಬ್ಬಿಸಿದೆವು ಅಂತ ಅವರಿಗೆ ಅನ್ನಿಸುವುದೂ ಇಲ್ಲ. ಈ ಗುಟ್ಟು ಬಿಡಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಶೆವ್ರೋಲ್. ದಾರಕ್ಕೆ ತೂಕ ಕಟ್ಟಿ ಪಾದರಸದ ಮೇಲೆ ಹಿಡಿದರೆ ಅದು ತಾನಾಗಿ ತೂಗುತ್ತದೆ ಅನ್ನುವ ನಂಬಿಕೆ ಆಗ ಇತ್ತು. ಶೆವ್ರೋಲ್ ಹಿಡಿದು ನೋಡಿದ, ತೂಗಿತು. ನಡುವೆ ಗಾಜು ಇಡಿಸಿದ, ನಿಂತಿತು! ಇಷ್ಟಕ್ಕೇ ಬಿಟ್ಟಿದ್ದರೆ ಪಾದರಸದ ಶಕ್ತಿಯನ್ನು ಗಾಜು ತಡೆಯಿತು ಅಂತ ದೊಡ್ಡ ಸಿದ್ಧಾಂತವೇ ಹುಟ್ಟುತ್ತಿತ್ತು. ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ. ಗಾಜು ಯಾವಾಗ ಇಟ್ಟರು, ಯಾವಾಗ ತೆಗೆದರು ಅನ್ನೋದು ಗೊತ್ತಾಗದಂತೆ ಮಾಡಿಕೊಂಡ. ಆಗ ಗಾಜಿಗೂ ತೂಗಾಟಕ್ಕೂ ಸಂಬಂಧವೇ ಉಳಿಯಲಿಲ್ಲ. 1833ರಲ್ಲಿ ಇದನ್ನೆಲ್ಲ ಗೆಳೆಯ, ಭೌತವಿಜ್ಞಾನಿ ಆಂಪೇರ್‌ಗೆ ಪತ್ರ ಬರೆದು ತಿಳಿಸಿದ. ತೂಗುತ್ತದೆ ಅಂದುಕೊಂಡರೆ ಸಾಕು, ಬೆರಳಿನ ಸ್ನಾಯು ಗೊತ್ತೇ ಆಗದಷ್ಟು ಸಣ್ಣದಾಗಿ ಅಲುಗುತ್ತದೆ, ದಾರ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ತೆಂಗಿನಕಾಯಿಯದೂ ಇದೇ ಕೆಲಸ. ಮಲಗಿಸಿದ ಕಾಯಿ ಅಂಗೈ ಮೇಲೆ ಭದ್ರವಾಗಿ ಕೂರುವುದಿಲ್ಲ. ಅಂಗೈ ಸ್ವಲ್ಪ ಗುಳಿಯಾದರೂ ಅದು ಏಳುತ್ತದೆ. ತಗ್ಗಿನ ಜಾಗ, ಹಸಿರು ಗಿಡ, ಪಕ್ಕದವರ ಬೋರು ಇವನ್ನೆಲ್ಲ ಕಣ್ಣು ಮೊದಲೇ ನೋಡಿರುತ್ತದೆ. ಕೈ ಕಣ್ಣಿನ ಮಾತು ಕೇಳುತ್ತದೆ.

ಹಾಗಾದರೆ ಎಷ್ಟೋ ಸಲ ನೀರು ಸಿಗುತ್ತದಲ್ಲ? ಸಿಗಲೇಬೇಕು. ಒಂದು ಊರಿನಲ್ಲಿ ಎಲ್ಲಿ ಕೊರೆದರೂ ಹತ್ತರಲ್ಲಿ ಆರಕ್ಕೆ ನೀರು ಬರುತ್ತದೆ ಅಂತಿಟ್ಟುಕೊಳ್ಳಿ. ಅಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದು ಪಾಯಿಂಟ್ ಮಾಡಿದರೂ ಆರು ಗೆಲ್ಲುತ್ತವೆ. ಆ ಆರು ಮನೆಯವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಉಳಿದ ನಾಲ್ವರು ಹಣೆಬರಹ ಅಂತ ಸುಮ್ಮನಾಗುತ್ತಾರೆ.

ಈ ಭ್ರಮೆಗೆ ಪ್ಲಾಸ್ಟಿಕ್ ಹೊದಿಸಿ ಮಾರಿದವರೂ ಇದ್ದಾರೆ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಹಿಡಿಗೆ ಆಂಟೆನಾ ಸಿಕ್ಕಿಸಿದ, ಬ್ಯಾಟರಿಯೂ ಇಲ್ಲದ ಸಾಧನವನ್ನು ಬಾಂಬ್ ಪತ್ತೆ ಯಂತ್ರ ಅಂತ ಇರಾಕಿಗೆ ಮಾರಿದ. ಬಾಗ್ದಾದಿನ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸರು ಅದನ್ನೇ ಹಿಡಿದು ಕಾರು ತಪಾಸಣೆ ಮಾಡುತ್ತಿದ್ದರು. 2013ರಲ್ಲಿ ಅವನಿಗೆ 10 ವರ್ಷ ಜೈಲಾಯಿತು. ನೀರು ಪತ್ತೆಗೂ ಇಂಥ ಆಂಟೆನಾ ಪೆಟ್ಟಿಗೆಗಳು ಮಾರಾಟಕ್ಕಿವೆ. ತೆಂಗಿನಕಾಯಿಯಾದರೆ ಆಮೇಲೆ ಚಟ್ನಿಗಾದರೂ ಆಗುತ್ತದೆ.

ನೆಲದಡಿ ನಿಜಕ್ಕೂ ಏನಿದೆ? ಗಂಗೆ ಹರಿಯುತ್ತಿದ್ದಾಳೆ ಅಂತ ನಂಬಿದವರು ಜಾಸ್ತಿ. ನಮ್ಮ ದಕ್ಷಿಣ ಜಿಲ್ಲೆಗಳಲ್ಲಿ ಇರುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಗಟ್ಟಿ ಕಲ್ಲು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಹತ್ತಿ ನಿಲ್ಲುತ್ತೀರಲ್ಲ, ಆ ಬಂಡೆಯೂ ಇದೇ ಜಾತಿಯದು. ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಕಲ್ಲಿನ ಒಳಗೆ ನೀರು ನಿಲ್ಲಲು ಜಾಗವೇ ಇಲ್ಲ. ಮೇಲಿನ ಕೆಲವು ಹತ್ತು ಮೀಟರ್ ಗಾಳಿ ಮಳೆಗೆ ಶಿಥಿಲವಾಗಿ ಗರಸಾಗಿದೆ, ಮಳೆ ನೀರು ಇಂಗಿ ನಿಲ್ಲುವುದು ಮುಖ್ಯವಾಗಿ ಅಲ್ಲಿ. ಅದರ ಕೆಳಗೆ ಬಿರುಕುಗಳು ಮಾತ್ರ. ಒಣಗಿದ ಕೆರೆ ಅಂಗಳದ ಬಿರುಕಿನ ಹಾಗೆ ಒಂದಕ್ಕೊಂದು ಸೇರಿಕೊಂಡಿದ್ದರೆ ನೀರು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಪಕ್ಕದ ಬೋರಿನಲ್ಲಿ ಎರಡು ಇಂಚು ನೀರು (ಬೋರಿನ ನೀರಿನ ಹರಿವನ್ನು ಇಂಚಿನಲ್ಲೇ ಹೇಳುವುದು), ನಮ್ಮದರಲ್ಲಿ ಬರೀ ಧೂಳು ಯಾಕೆ ಅಂದರೆ ಇದೇ ಕಾರಣ.

ವಿಜ್ಞಾನದ ದಾರಿಯೂ ಇದೆ. ನೆಲಕ್ಕೆ ನಾಲ್ಕು ಗೂಟ ಹೊಡೆದು, ಎರಡರಿಂದ ಕರೆಂಟು ಬಿಟ್ಟು, ಉಳಿದ ಎರಡರಲ್ಲಿ ವೋಲ್ಟೇಜ್ ಅಳೆಯುವುದು. ಕರೆಂಟಿಗೆ ನೆಲ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವುದರ ಅಳತೆ ಓಮ್-ಮೀಟರ್. ಗಟ್ಟಿ ಗ್ರಾನೈಟ್ ಸಾವಿರಾರು ಓಮ್-ಮೀಟರ್ ತೋರಿಸುತ್ತದೆ, ನೀರು ಕುಡಿದ ಗರಸು ಅದಕ್ಕಿಂತ ತುಂಬಾ ಕಡಿಮೆ. ಗೂಟಗಳನ್ನು ದೂರ ದೂರ ಸರಿಸಿದಷ್ಟೂ ಕರೆಂಟು ಆಳಕ್ಕೆ ಇಳಿಯುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. 100 ಮೀಟರ್ ಆಳ ನೋಡಬೇಕೆಂದರೆ ತಂತಿಯನ್ನು ನೂರಾರು ಮೀಟರ್ ಎಳೆಯಬೇಕು. ಎರಡು ಎಕರೆ ಚೌಕದ ಹೊಲ ಅಂದರೆ ಒಂದು ಬದಿಗೆ ಬರೀ 90 ಮೀಟರ್. ಅದೂ ಅಲ್ಲದೆ 600 ಅಡಿ ಕೆಳಗಿನ ಬೆರಳು ದಪ್ಪದ ಬಿರುಕು ಮೇಲಿನಿಂದ ಕಾಣುವುದೇ ಇಲ್ಲ. ಜೇಡಿ ಮಣ್ಣೂ ನೀರಿನ ಹಾಗೇ ಕಂಡು ಮೋಸ ಮಾಡುತ್ತದೆ. ತುಮಕೂರು ಜಿಲ್ಲೆಯ ಅಂಕಸಂದ್ರದ ಸುತ್ತ ಹೆಲಿಕಾಪ್ಟರ್ ಕೆಳಗೆ ತಂತಿಯ ಸುರುಳಿ ತೂಗುಬಿಟ್ಟು ಹಾರಿಸಿ ಸರ್ವೆ ಮಾಡಿದ್ದೂ ಉಂಟು. ಒಳ್ಳೆ ಕೆಲಸವೇ, ಆದರೆ ಹೊಲಹೊಲಕ್ಕೂ ಹೆಲಿಕಾಪ್ಟರ್ ಬರುವುದಿಲ್ಲ.

ಈ ವಿದ್ಯೆಗೆ ದಾರಿ ಹಾಕಿಕೊಟ್ಟವರಲ್ಲಿ ಫ್ರಾನ್ಸಿನ ಶ್ಲುಂಬರ್ಜೆ ಸಹೋದರರು ಮುಖ್ಯರು. 1912ರಿಂದ ನೆಲದ ಮೇಲೆ ಗೂಟ ಹೊಡೆದು ಅಳೆಯುತ್ತಿದ್ದವರು 1927ರಲ್ಲಿ ಅದೇ ಉಪಕರಣವನ್ನು ಕೊರೆದ ಬಾವಿಯೊಳಗೆ ಇಳಿಸಿದರು. ತೈಲ ಉದ್ಯಮದ ದಿಕ್ಕೇ ಬದಲಾಯಿತು. ಮೇಲೆ ನಿಂತು ಊಹಿಸುವುದಕ್ಕಿಂತ ತೂತು ಹೇಳುವ ಸುದ್ದಿ ಎಷ್ಟೋ ಪಾಲು ಜಾಸ್ತಿ. ಲಕ್ಷಾಂತರ ತೂತು ಕೊರೆದಿರುವ ನಾವು ಆ ಸುದ್ದಿ ಕೇಳಿಸಿಕೊಳ್ಳುತ್ತಲೇ ಇಲ್ಲ. ಬ್ರಿಟನ್ನಿನಲ್ಲಿ ನೀರಿಗಾಗಿ 15 ಮೀಟರ್‌ಗಿಂತ ಆಳ ಕೊರೆದರೆ ವಿವರವನ್ನು ಅಲ್ಲಿನ ಭೂವಿಜ್ಞಾನ ಸಂಸ್ಥೆಗೆ ಒಪ್ಪಿಸಬೇಕು ಅಂತ ಕಾನೂನೇ ಇದೆ. ಅವರ ಹತ್ತಿರ 10 ಲಕ್ಷಕ್ಕೂ ಹೆಚ್ಚು ಕೊರೆತಗಳ ದಾಖಲೆ ಇದೆ. ಹೆಚ್ಚಿನವನ್ನು ಯಾರು ಬೇಕಾದರೂ ನೋಡಬಹುದು.

ನಮ್ಮಲ್ಲಿ ಒಂದು ಸ್ಟಾರ್ಟಪ್ ಮಾಡಬಹುದಾದದ್ದು ಇಷ್ಟೇ. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ರಿಗ್ ಲಾರಿಗೆ, ಅಂದರೆ ಬೋರು ಕೊರೆಯುವ ಲಾರಿಗೆ, ಒಂದು ಮೊಬೈಲ್ ಸಿಕ್ಕಿಸುವುದು. ಸಾಮಾನ್ಯವಾಗಿ ಒಂದು ರಾಡು 20 ಅಡಿ. ಬಿಲ್ಲು ಮಾಡಬೇಕಲ್ಲ, ಅದಕ್ಕೆ ಡ್ರಿಲ್ಲರ್ ಹೇಗೂ ರಾಡು ಎಣಿಸುತ್ತಾನೆ. ಪ್ರತಿ ರಾಡಿಗೆ ಎಷ್ಟು ನಿಮಿಷ ಹಿಡಿಯಿತು ಅನ್ನುವುದನ್ನು ಮೊಬೈಲಿನ ಕಂಪನ ಸೆನ್ಸರೇ ಲೆಕ್ಕ ಹಾಕಲಿ. ರಾಡಿಗೊಂದು ಹಿಡಿ ಪುಡಿ ಖಾನೆ ಖಾನೆಯ ತಟ್ಟೆಯಲ್ಲಿ ಹಾಕಿ ಫೋಟೋ ತೆಗೆಯಲಿ. ನೀರು ಎಷ್ಟು ಅಡಿಗೆ ಕಂಡಿತು, ಎಷ್ಟು ಇಂಚು, ಜಾಗ ಎಲ್ಲಿ? ಸಾಕು. ಒಂದು ಹೋಬಳಿಯಲ್ಲಿ ಇಂಥ ದಾಖಲೆ ಕೂಡುತ್ತಾ ಹೋದರೆ ಬಿರುಕುಗಳ ನಕ್ಷೆ ತಾನಾಗಿ ಮೂಡುತ್ತದೆ. ಫೇಲಾದ ಬೋರು ಇದಕ್ಕೆ ಗೆದ್ದ ಬೋರಿನಷ್ಟೇ ಮುಖ್ಯ.

ಇದರ ದೊಡ್ಡ ಲಾಭ ಪಾಯಿಂಟ್ ಹುಡುಕುವುದರಲ್ಲಿ ಇಲ್ಲ, ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲಿ ಇದೆ. ರಾತ್ರಿ ಎರಡು ಗಂಟೆ, 700 ಅಡಿ ಆಗಿದೆ, ಬರೀ ಧೂಳು. "ಇನ್ನೊಂದು ನೂರಡಿ ಹೊಡೆಸಿ ನೋಡೋಣ ಅಣ್ಣಾ" ಅನ್ನುತ್ತಾನೆ ಏಜೆಂಟ್. ಆಳಕ್ಕೆ ಹೋದಷ್ಟೂ ಅಡಿಯ ರೇಟೂ ಏರುತ್ತದೆ. ಇಷ್ಟು ಸುರಿದಾಗಿದೆ, ಈಗ ಬಿಡೋದು ಹೇಗೆ? ರೈತ ಹೂಂ ಅನ್ನುತ್ತಾನೆ. ಈ ಸುತ್ತಿನಲ್ಲಿ 600 ಅಡಿ ದಾಟಿ ನೀರು ಕಂಡವರು ಎಷ್ಟು ಜನ ಅಂತ ಕೈಯಲ್ಲೇ ಕಾಣಿಸಿದರೆ ಆ ಹೂಂ ಬೇರೆಯಾಗಬಹುದು.

ಅಡ್ಡಿಗಳಿಲ್ಲದೆ ಇಲ್ಲ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯಲು ಅನುಮತಿ ಬೇಕು. ಅನುಮತಿ ಇಲ್ಲದೆ ಕೊರೆದವರು ಜಾಗ ಹೇಳುತ್ತಾರಾ? ಸರ್ವೆ ನಂಬರ್ ಮುಚ್ಚಿಟ್ಟು ಸುತ್ತಲಿನ ಅಂದಾಜು ಮಾತ್ರ ತೋರಿಸುವ ಉಪಾಯ ಬೇಕಾಗುತ್ತದೆ. ಅಡಿ ಲೆಕ್ಕದಲ್ಲಿ ದುಡಿಯುವ ರಿಗ್ ಮಾಲೀಕರಿಗೂ ದಾಖಲೆಗೆ ಇಷ್ಟು ಅಂತ ಕೊಡಬೇಕು, ಇಲ್ಲದಿದ್ದರೆ ಅವರು ಯಾಕೆ ಮಾಡುತ್ತಾರೆ? ಇನ್ನೊಂದು ಭಯ ನನಗೇ ಇದೆ. ಹುಡುಕುವುದು ಸುಲಭವಾದರೆ ಇರುವ ನೀರೂ ಬೇಗ ಖಾಲಿ. ಆದರೆ ನೀರು ಸಿಗುವ ಆಳ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುವುದೂ ಅದೇ ದಾಖಲೆಯಲ್ಲಿ ಕಾಣುತ್ತದೆ. ಈ ಊರಲ್ಲಿ ಇನ್ನು ಬೋರು ಬೇಡ, ಕೆರೆ ಹೂಳೆತ್ತಿ ಅಂತ ಹೇಳುವ ಆ್ಯಪ್‌ಗೆ ದುಡ್ಡು ಹಾಕುವವರು ಯಾರು ಅಂತ ಹೂಡಿಕೆದಾರರು ಕೇಳಿಯೇ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲ ಗಿರಾಕಿ ಸಾಲ ಕೊಡುವ ಬ್ಯಾಂಕು. ಬೋರು ಫೇಲಾದ ಹೊಲದಿಂದ ಕಂತು ವಸೂಲಿ ಮಾಡುವ ಪಾಡು ಅವರಿಗೆ ಚೆನ್ನಾಗಿ ಗೊತ್ತು.