‘ಆಗಲೇ ಹೇಳಿ ಕಳಿಸಿದ್ದೆ ಸಾರ್’

ಮಂಡ್ಯದಲ್ಲಿ ವಕೀಲನಾಗಿ, ಈಚಿನ ವರ್ಷಗಳಲ್ಲಿ ಮಧ್ಯಸ್ಥಿಕೆಗಾರನಾಗಿ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಬೇಸರ ತರಿಸಿದ್ದು ಬೇರೊಂದಿಲ್ಲ. ಯಾರ ಕೈಲಿ ಹೇಳಿ ಕಳಿಸಿದಿರಿ ಎಂದರೆ ಭಾವಮೈದುನನ ಕೈಲಿ, ಹಾಲಿನ ಡೇರಿಯ ಹತ್ತಿರ ಸಿಕ್ಕ ಪಕ್ಕದ ಜಮೀನಿನವರ ಕೈಲಿ, ಒಮ್ಮೆ ಹತ್ತು ವರ್ಷದ ಮಗನ ಕೈಲಿ. ದಾವೆ ಹೂಡಿ, ವಾಯಿದೆಗಳಿಗೆ ಅಲೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನ ಪ್ರಕಾರ ನ್ಯಾಯಾಲಯವೇ ಮಧ್ಯಸ್ಥಿಕೆಗೆ ಕಳಿಸಿದ ಮೇಲೂ, ಎದುರಿಗೆ ಕುಳಿತವರಿಗೆ ಇವರು ಬಾಯಿಬಿಟ್ಟು ಒಂದು ಮಾತು ಹೇಳಿರುವುದಿಲ್ಲ.

ಒಬ್ಬ ಅಣ್ಣ, ಒಬ್ಬ ತಮ್ಮ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ. 2023ರ ಮಧ್ಯಸ್ಥಿಕೆ ಕಾಯ್ದೆಯೂ ಅದನ್ನೇ ಹೇಳುತ್ತದೆ. ಹಾಗಾಗಿ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ರಸ್ತೆಯ ಬದಿಗೆ ಅಣ್ಣನ ಗದ್ದೆ, ಅದರ ಹಿಂದೆ ತಮ್ಮನ ಕಬ್ಬು. ಪ್ರತಿ ವರ್ಷ ಅಣ್ಣನ ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯ ಮೇಲೆ ತಮ್ಮನ ಗಾಡಿಗಳು ಹೋಗುತ್ತಿದ್ದವು. ಆ ವರ್ಷ ನಾಲೆಗೆ ನೀರು ತಡವಾಗಿ ಬಂದು ನಾಟಿಯೂ ತಡವಾಯಿತು. ‘ಭತ್ತ ಇನ್ನೂ ಹಸಿಯಾಗಿದೆ, ಹದಿನೈದು ದಿನ ತಡೆಯಲಿ, ಆಮೇಲೆ ಗಾಡಿ ಹೊಡೆದುಕೊಳ್ಳಲಿ’ ಎಂದು ಅಣ್ಣ ಹೇಳಿ ಕಳಿಸಿದರು. ತಮ್ಮನಿಗೆ ತಲುಪಿದ್ದು: ‘ಈ ಸಲ ದಾರಿ ಬಿಡುವುದಿಲ್ಲವಂತೆ.’ ಅಷ್ಟರಲ್ಲಿ ಅವರು ಆಲೆಮನೆಯವರಿಗೆ ಮಾತು ಕೊಟ್ಟಿದ್ದರು, ಕಟಾವಿನ ಆಳುಗಳೂ ಬಂದಿದ್ದರು. ಕಡಿದ ಕಬ್ಬು ಹೊಲದಲ್ಲೇ ಬಿದ್ದರೆ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ‘ಹೇಗೆ ಬಿಡುವುದಿಲ್ಲವೋ ನೋಡುತ್ತೇನೆ’ ಎಂದು ತಿರುಗಿ ಹೇಳಿ ಕಳಿಸಿದರು.

ನಡುವೆ ಓಡಾಡಿದವನು ಕೆಟ್ಟವನಲ್ಲ, ಮಾತು ತಿರುಚಬೇಕೆಂದೂ ಇರಲಿಲ್ಲ. ಮಾತು ಹೊತ್ತವನ ನೆನಪಿನಲ್ಲಿ ನಿಲ್ಲುವುದು ತೀರ್ಮಾನ, ದಾರಿಯಲ್ಲಿ ಉದುರುವುದು ಕಾರಣ. ಕಾರಣವಿಲ್ಲದ ತೀರ್ಮಾನ ಕೇಳುವವನ ಕಿವಿಗೆ ಹಟದಂತೆ ಕೇಳುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಕೇಳಿದವನು ತಿರುಗಿ ಪ್ರಶ್ನೆ ಹಾಕುವಂತಿಲ್ಲ. ‘ಯಾಕಣ್ಣ?’ ಎಂದು ಭಾವಮೈದುನನನ್ನು ಕೇಳಿದರೆ ಅವನಿಗೇನು ಗೊತ್ತು? ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಹೇಳುವುದೆಂದರೆ ಮಾತನ್ನು ದಾಟಿಸಿಬಿಡುವುದಷ್ಟೇ ಅಲ್ಲ. ಕೇಳಿದವರು ‘ಯಾಕೆ’, ‘ಎಷ್ಟು ದಿನ’, ‘ಬೇರೆ ದಾರಿಯಿಲ್ಲವೇ’ ಎಂದಾಗ ಉತ್ತರ ಕೊಡಲು ನೀವು ಅಲ್ಲಿರಬೇಕು. ನೀವಿಲ್ಲದ ಕಡೆ ಅವರ ಪ್ರಶ್ನೆಗೆಲ್ಲ ಅವರ ಅನುಮಾನವೇ ಉತ್ತರ ಕೊಡುತ್ತದೆ.

ಕಚೇರಿಗಳಲ್ಲಿ ಇದೇ ರೋಗ ‘ಗ್ರೂಪ್‌ನಲ್ಲಿ ಹಾಕಿದ್ದೆ’ ಎಂಬ ರೂಪದಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗೆರೆ ಮೂಡಿದರೆ ಸಂದೇಶ ತೆರೆಯಿತು ಎಂದಷ್ಟೇ ಅರ್ಥ. ಒಪ್ಪಿದರು ಎಂದಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೊಡೆತ, ಬೆದರಿಕೆ ಇರುವ ಕಡೆ ಒಬ್ಬರೇ ಹೋಗಿ ಮಾತನಾಡಿ ಎಂದು ನಾನು ಖಂಡಿತ ಹೇಳುವುದಿಲ್ಲ. ನೋಟಿಸು ಕೊಡಬೇಕಾದಲ್ಲಿ ಬರವಣಿಗೆಯಲ್ಲೇ ಕೊಡಿ. ನೀವು ನೀವೇ ಮಾತನಾಡುತ್ತಿದ್ದೀರಿ ಎಂದು ದಾವೆಯ ಕಾಲಮಿತಿ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಅದನ್ನು ನಿಮ್ಮ ವಕೀಲರಲ್ಲಿ ಕೇಳಿಕೊಳ್ಳಿ.

ನನ್ನ ಕೋಣೆಯಲ್ಲಿ ಒಂದು ಷರತ್ತು ಇಟ್ಟಿದ್ದೇನೆ: ‘ಅಂತೆ’ ಎಂದು ಮುಗಿಯುವ ಮಾತು ಬೇಡ. ‘ಹೀಗೆಂದನಂತೆ’ ಎಂದು ಶುರುವಾದರೆ ಅಲ್ಲಿಗೇ ತಡೆದು, ಅವರು ಇಲ್ಲೇ ಕುಳಿತಿದ್ದಾರೆ, ಅವರನ್ನೇ ಕೇಳಿ ಎನ್ನುತ್ತೇನೆ. ಆ ದಿನ ಅಣ್ಣ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡುತ್ತ, ‘ಎಷ್ಟು ಗಾಡಿ ಕಬ್ಬಿತ್ತಂತೆ ಸಾರ್?’ ಎಂದರು. ನಾನು ತಮ್ಮನ ಕಡೆ ಕೈ ತೋರಿಸಿದೆ. ಅವರು ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡರು.

‘ಎಷ್ಟು ಗಾಡಿಯಪ್ಪ?’

‘ಆರು, ಅಣ್ಣ.’

‘ಆರೇ? ಬದುವಿನ ಪಕ್ಕ ಎಂಟಡಿ ಅಗಲ ಭತ್ತ ಕೊಯ್ದು ದನಕ್ಕೆ ಹಾಕಿಬಿಡುತ್ತಿದ್ದೆನಲ್ಲೋ.’

ತಮ್ಮ ತಲೆ ತಗ್ಗಿಸಿ ಹೆಗಲ ಮೇಲಿನ ಟವೆಲಿನ ಅಂಚನ್ನು ಮಡಚುತ್ತ ಕುಳಿತರು. ಆ ಹೊತ್ತಿಗೆ ದಾವೆಗೆ ಎರಡು ವರ್ಷ ತುಂಬಿತ್ತು.