ಡ್ರಿಲ್ ಸತ್ತಿಲ್ಲ, ಕಾರ್ಬನ್ ಸವೆದಿದೆ

ಪರದೆಯ ರಾಡಿಗೆ ನಾಲ್ಕು ತೂತು ಕೊರೆಯಬೇಕಿತ್ತು. ಮೂರು ಆಯಿತು. ನಾಲ್ಕನೆಯದಕ್ಕೆ ಡ್ರಿಲ್ ಎರಡು ಸಲ ತಡವರಿಸಿತು. ಹಿಂಭಾಗದ ಗಾಳಿಕಿಂಡಿಯೊಳಗೆ ನೀಲಿ ಕಿಡಿ ಹಾರಿತು. ಆಮೇಲೆ ಗಪ್‌ಚುಪ್. "ಹನ್ನೊಂದು ವರ್ಷ ದುಡಿದಿದೆ, ಹೊಸದು ತಗೊಳ್ಳಿ" ಎಂದಳು ಹೆಂಡತಿ.

ಮಿಕ್ಸಿ ನಿಂತರೆ ಅವಳೇ ಹೀಗೆ ಹೇಳುವುದಿಲ್ಲ. "ಕಾರ್ಬನ್ ಹೋಗಿರಬೇಕು, ಹಾಕಿಸ್ಕೊಂಡು ಬನ್ನಿ" ಅನ್ನುತ್ತಾಳೆ. ತಮಾಷೆ ಏನೆಂದರೆ, ಮಿಕ್ಸಿಯ ಹೊಟ್ಟೆಯಲ್ಲೂ ವೈರ್ ಇರುವ ಡ್ರಿಲ್ಲಿನ ಹೊಟ್ಟೆಯಲ್ಲೂ ಇರುವುದು ಒಂದೇ ಜಾತಿಯ ಮೋಟಾರು. ಅದರ ಹೆಸರು ಯೂನಿವರ್ಸಲ್ ಮೋಟಾರ್. ನಡುವೆ ತಿರುಗುವ ಆರ್ಮೇಚರ್, ಅದರ ಸುತ್ತ ಕದಲದೆ ಕೂತ ಫೀಲ್ಡ್ ಕಾಯಿಲ್. ಕರೆಂಟ್ ಹರಿದಾಗ ಎರಡೂ ಅಯಸ್ಕಾಂತವಾಗಿ ಒಂದನ್ನೊಂದು ತಳ್ಳುತ್ತವೆ. ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಹಾಗಾದರೆ ಮೋಟಾರು ಹಿಂದಕ್ಕೂ ಮುಂದಕ್ಕೂ ಒದ್ದಾಡಬೇಕಲ್ವಾ? ಇಲ್ಲ. ಎರಡೂ ಅಯಸ್ಕಾಂತಗಳು ಒಟ್ಟೊಟ್ಟಿಗೇ ಅದಲುಬದಲಾಗುತ್ತವೆ. ಹಾಗಾಗಿ ತಿರುಗುವ ದಿಕ್ಕು ಅದೇ ಇರುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಗರಗರ ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವುದು ಹೇಗೆ? ವೈರ್ ಕಟ್ಟಿದರೆ ಕ್ಷಣದಲ್ಲಿ ಹಗ್ಗದಂತೆ ಸುತ್ತಿಕೊಂಡು ಹರಿದುಹೋಗುತ್ತದೆ. ಅದಕ್ಕೇ ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಬಳೆ ಇರುತ್ತದೆ, ಅದೇ ಕಮ್ಯುಟೇಟರ್. ಎರಡು ಬದಿಯಿಂದ ಎರಡು ಕಾರ್ಬನ್ ತುಂಡುಗಳು ಸ್ಪ್ರಿಂಗಿನ ಒತ್ತಡದಲ್ಲಿ ಅದಕ್ಕೆ ಒರಗಿ ಕೂತಿರುತ್ತವೆ. ಈ ಗಟ್ಟಿಯಾದ ತುಂಡಿಗೆ 'ಬ್ರಷ್' ಅಂತ ಯಾಕೆ ಹೆಸರು ಅಂತ ನನಗೂ ಅನುಮಾನವಿತ್ತು. ಮೊದಮೊದಲು ಅಲ್ಲಿ ಇದ್ದದ್ದು ತಾಮ್ರದ ತಂತಿಯ ಕುಂಚವೇ! ಅದರ ಬದಲು ಕಾರ್ಬನ್ ಬಳಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ 1885ರಲ್ಲಿ ಪೇಟೆಂಟ್ ಪಡೆದರು. ವಸ್ತು ಬದಲಾಯಿತು, ಹೆಸರು ಉಳಿಯಿತು.

ಕಾರ್ಬನ್ನೇ ಯಾಕೆ? ತಾಮ್ರಕ್ಕೆ ತಾಮ್ರ ಉಜ್ಜಿದರೆ ಎರಡೂ ಕೆರೆದುಹೋಗುತ್ತವೆ. ಡ್ರಿಲ್ಲಿನ ಆರ್ಮೇಚರ್ ನಿಮಿಷಕ್ಕೆ 20,000 ಸುತ್ತು ಹಾಕಿತು ಅನ್ನಿ. ಬಳೆಯ ಅಡ್ಡಳತೆ 22 ಮಿ.ಮೀ. ಇದ್ದರೆ, ಬ್ರಷ್ಷಿನ ಮುಂದೆ ತಾಮ್ರ ಗಂಟೆಗೆ 80 ಕಿ.ಮೀ. ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಕಾರ್ಬನ್ನಿನಲ್ಲಿರುವ ಗ್ರಾಫೈಟ್ ಕರೆಂಟನ್ನೂ ಒಯ್ಯುತ್ತದೆ, ಪದರ ಪದರವಾಗಿ ಜಾರುತ್ತಲೂ ಹೋಗುತ್ತದೆ. ಜಾರಲು ಅದಕ್ಕೆ ಗಾಳಿಯ ತೇವವೂ ಬೇಕು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳು ತೀರಾ ಎತ್ತರಕ್ಕೆ, ಒಣ ಗಾಳಿಗೆ ಏರಿದಾಗ, ಅವುಗಳ ಜನರೇಟರಿನ ಬ್ರಷ್‌ಗಳು ಕೆಲವೇ ಗಂಟೆಗಳಲ್ಲಿ ಪುಡಿಯಾಗಿದ್ದವು. ಆ ತಲೆನೋವಿನಿಂದಲೇ ಎಂಜಿನಿಯರುಗಳಿಗೆ ಈ ಗುಟ್ಟು ಗೊತ್ತಾದದ್ದು.

ಅಂದರೆ ಸವೆಯಲಿ ಅಂತಲೇ ಇಟ್ಟ ಭಾಗ ಇದು. ದುಬಾರಿ ಆರ್ಮೇಚರ್ ಉಳಿಯಲಿ ಅಂತ ಅಗ್ಗದ ಕಾರ್ಬನ್ ಸವೆಯುತ್ತದೆ. ಅದು ಮುಗಿಯಿತೆಂದು ಇಡೀ ಡ್ರಿಲ್ಲನ್ನು ಗುಜರಿಗೆ ಹಾಕುವುದು, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಪ್ಲಗ್ ಕಿತ್ತು ಕೆಲಸಕ್ಕೆ ಕೂತೆ. ನನ್ನ ಡ್ರಿಲ್ಲಿನ ಎರಡೂ ಪಕ್ಕದಲ್ಲಿ ಗೀರು ಇರುವ ಪ್ಲಾಸ್ಟಿಕ್ ಮುಚ್ಚಳಗಳಿವೆ. (ಎಲ್ಲದರಲ್ಲೂ ಇರುವುದಿಲ್ಲ, ಕೆಲವಕ್ಕೆ ಮೈಯನ್ನೇ ಬಿಚ್ಚಬೇಕು.) ತಿರುಗಿಸಿದೆ, ಸ್ಪ್ರಿಂಗ್ ಚಿಮ್ಮಿ ಬಂತು. ಅದರ ತುದಿಯಲ್ಲಿ ಕಡಲೆಬೇಳೆಯಷ್ಟು ಕಾರ್ಬನ್. ಇನ್ನೊಂದು ಬದಿಯದೂ ಅಷ್ಟೇ. ಸ್ಪ್ರಿಂಗಿಗೆ ತಳ್ಳಲು ಏನೂ ಉಳಿದಿರಲಿಲ್ಲ, ಹಾಗಾಗಿ ತಾಮ್ರಕ್ಕೆ ಸರಿಯಾಗಿ ತಾಗದೆ ಕಿಡಿ ಹಾರಿತ್ತು. ಹಳೆಯದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋದೆ. ಅಳತೆ ಕೂದಲೆಳೆ ಹೆಚ್ಚಾದರೂ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಮಾದರಿ ಬೇಕು. ಜೋಡಿಗೆ ನೂರು ರೂಪಾಯಿ ಒಳಗೇ ಆಯಿತು. ಹಾಕಿದ ಮೇಲೆ ಐದು ನಿಮಿಷ ಡ್ರಿಲ್ಲನ್ನು ಸುಮ್ನೆ ಓಡಿಸಿದೆ. ಹೊಸ ಕಾರ್ಬನ್ನಿನ ಮೂತಿ ಬಳೆಯ ಬಾಗಿಗೆ ಹೊಂದಿಕೊಳ್ಳಬೇಕಲ್ಲ.

ಎಲ್ಲ ಸಲವೂ ಇಷ್ಟು ಸುಲಭವಲ್ಲ. ಕೆಲವೊಮ್ಮೆ ಹಿಡಿಯ ಬುಡದಲ್ಲಿ, ದಿನಾ ಬಾಗುವ ಜಾಗದಲ್ಲಿ, ವೈರ್ ಒಳಗೇ ಕಡಿದಿರುತ್ತದೆ. ಇಲ್ಲವೇ ಸ್ವಿಚ್ಚಿಗೆ ಸಿಮೆಂಟ್ ಧೂಳು ಹೊಕ್ಕಿರುತ್ತದೆ. ಬಳೆಯ ಸುತ್ತಲೂ ಬೆಂಕಿಯ ಉಂಗುರ ಕಂಡು, ಸುಟ್ಟ ವಾರ್ನಿಷ್ ವಾಸನೆ ಬಂದರೆ ಆರ್ಮೇಚರೇ ಹೋಗಿರುವ ಸಾಧ್ಯತೆ ಜಾಸ್ತಿ. ಆಗ ರೀವೈಂಡಿಂಗ್, ಅಂದರೆ ಸುಟ್ಟ ತಂತಿ ತೆಗೆದು ಹೊಸದು ಸುತ್ತುವ, ಖರ್ಚು ಕೇಳಿ ನೋಡಿ. ಅಗ್ಗದ ಡ್ರಿಲ್ಲಾದರೆ ನಾನೂ ಕೈಬಿಡುತ್ತೇನೆ. ಬ್ಯಾಟರಿಯ ಬ್ರಷ್‌ಲೆಸ್ ಡ್ರಿಲ್ಲುಗಳಲ್ಲಂತೂ ಸವೆಯುವ ಕಾರ್ಬನ್ನೇ ಇಲ್ಲ. ಅದರ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮಾಡುತ್ತದೆ. ಕೆಟ್ಟರೆ ಮುಚ್ಚಳ ತಿರುಗಿಸಿ ಸರಿಮಾಡುವ ಕಾಲ ಮುಗಿಯಿತು.

ನಾಲ್ಕನೇ ತೂತಿಗೆ ಗುರುತು ಹಾಕಲು ಪೆನ್ಸಿಲ್ ಸಿಗಲಿಲ್ಲ. ಜೇಬಿನಲ್ಲಿದ್ದ ಹಳೇ ಕಾರ್ಬನ್ ತುಂಡಿನಿಂದಲೇ ಗೀಚಿದೆ. ಪೆನ್ಸಿಲ್ಲಿನೊಳಗೆ ಇರುವುದೂ ಗ್ರಾಫೈಟೇ ತಾನೆ. ರಾಡ್ ಕೂತಿತು. ಆ ಗೆರೆ ಮಾತ್ರ ಒರೆಸಿದಷ್ಟೂ ಅಗಲವಾಗುತ್ತಿದೆ.