‘ಕಿಲಾಡಿ’ ಅಂದ್ರೆ ಹೊಗಳಿಕೆಯೋ, ಬೈಗುಳವೋ?

ಪ್ರಶ್ನೆ: ಹಿಂದಿಯಲ್ಲಿ ಖಿಲಾಡಿ ಅಂದರೆ ಆಟಗಾರ. ಕನ್ನಡದಲ್ಲಿ ಕಿಲಾಡಿ ಅಂದರೆ ಬೇರೇನೋ ಅರ್ಥ ಇದ್ದ ಹಾಗಿದೆ. ನಮ್ಮ ಹುಡುಗನನ್ನು ನೋಡಿ ಪಕ್ಕದ ಮನೆಯವರು ‘ಒಳ್ಳೇ ಕಿಲಾಡಿ ಕಣ್ರೀ ಇವನು’ ಅಂದರು. ಇದಕ್ಕೆ ಖುಷಿ ಪಡಬೇಕಾ, ಬೇಜಾರು ಮಾಡ್ಕೋಬೇಕಾ?

ಉತ್ತರ: ಅವರು ನಗ್ತಾ ಅಂದಿದ್ದರೆ ಧಾರಾಳವಾಗಿ ಖುಷಿ ಪಡಿ. ದನಿ ಗಡುಸಾಗಿದ್ದರೆ ಮಾತ್ರ ಹುಡುಗ ಅವರ ಮನೆ ಮಾವಿನಮರದ ಹತ್ತಿರ ಏನು ಮಾಡಿದ ಅಂತ ಒಮ್ಮೆ ವಿಚಾರಿಸಿ.

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಹಿಂದಿ ಮಾತಾಡುವ ಮನೆಗಳಿಂದ ಬಂದು ಇಲ್ಲಿ ಕನ್ನಡ ಕಲಿಯುವವರಂತೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕಿಲಾಡಿ ಅನ್ನುವ ಮಾತಿನಲ್ಲಿ ಮೆಚ್ಚುಗೆಯೂ ಇದೆ, ದೂರೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದಕ್ಕೇ ನಾವು ಅದನ್ನು ಇಟ್ಟುಕೊಂಡಿದ್ದೇವೆ.

ಮನೆಗೆ ನೆಂಟರು ಬಂದಿದ್ದಾರೆ ಅಂದುಕೊಳ್ಳಿ. ಬೆಳಗ್ಗೆಯಿಂದ ಚಾಕೊಲೇಟ್ ಕೇಳಿ ಕೇಳಿ ಬೈಸಿಕೊಂಡ ಹುಡುಗ ಸುಮ್ಮನಿರುತ್ತಾನೆ. ನೆಂಟರು ಕಾಫಿ ಲೋಟ ಕೈಗೆತ್ತಿಕೊಂಡರು ಅನ್ನುವಾಗ ಮೆತ್ತಗೆ ಬಂದು ಅಮ್ಮನ ಸೆರಗು ಹಿಡಿಯುತ್ತಾನೆ. ‘ಅಮ್ಮಾ, ಈಗ ಒಂದು ತಗೊಳ್ಳಲಾ?’ ಎಲ್ಲರ ಎದುರಿಗೆ ಅಮ್ಮ ಬೈಯಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ‘ಪಾಪ, ಮಗು, ಕೊಡಮ್ಮ’ ಅಂತ ನೆಂಟರೇ ಶಿಫಾರಸು ಮಾಡುತ್ತಾರೆ ಅನ್ನುವುದೂ ಗೊತ್ತು. ಅವನು ಸುಳ್ಳು ಹೇಳಲಿಲ್ಲ, ಕದಿಯಲಿಲ್ಲ, ಅಳಲೂ ಇಲ್ಲ. ಸಮಯ ನೋಡಿ ಕೆಲಸ ಸಾಧಿಸಿಕೊಂಡ. ಇವನೇ ಕಿಲಾಡಿ.

ಇನ್ನು ಹಿಂದಿಯ ಮಾತು. ಅಲ್ಲಿ ‘ಖೇಲ್’ ಅಂದರೆ ಆಟ, ಅದನ್ನು ಆಡುವವನು ಖಿಲಾಡಿ. ಹಿಂದಿ ಪತ್ರಿಕೆಯ ಕ್ರೀಡಾಪುಟದಲ್ಲಿ ಸಚಿನ್ ತೆಂಡೂಲ್ಕರ್ ಕೂಡ ಖಿಲಾಡಿಯೇ. ಅದರಲ್ಲಿ ಯಾವ ಕೊಂಕೂ ಇಲ್ಲ. ಮರಾಠಿಯಲ್ಲಿ ‘ಖಿಲಾಡೂ ವೃತ್ತಿ’ ಅಂದರೆ ಸೋತರೂ ಗೆದ್ದರೂ ಒಂದೇ ಮನಸ್ಸಿನಿಂದ ಆಡುವ ಒಳ್ಳೆಯ ಗುಣ. ನಮ್ಮಲ್ಲಿ ಆ ಕೆಲಸಕ್ಕೆ ಆಟಗಾರ ಇದ್ದಾನೆ, ಕ್ರೀಡಾಪಟು ಇದ್ದಾನೆ. ಹಾಗಾಗಿ ಕಿಲಾಡಿ ಮೈದಾನಕ್ಕೆ ಹೋಗಲೇ ಇಲ್ಲ. ಮನೆ, ಸಂತೆ, ಕಚೇರಿಗಳಲ್ಲೇ ಉಳಿದುಕೊಂಡ.

ಆದರೆ ಈ ಅರ್ಥದ ಬೀಜ ಹಿಂದಿಯಲ್ಲೇ ಇದೆ. ಅಲ್ಲಿ ‘ಪುರಾನಾ ಖಿಲಾಡಿ’ ಅಂದರೆ ಇಂಥ ವ್ಯವಹಾರಗಳಲ್ಲಿ ಪಳಗಿದ ಕೈ. ನಾವೂ ಜಗಳದಲ್ಲಿ ‘ನನ್ನ ಹತ್ರಾನೇ ಆಟ ಕಟ್ತೀಯಾ?’ ಅನ್ನುತ್ತೇವೆ, ‘ನಿನ್ನ ಆಟ ಇಲ್ಲಿ ನಡೆಯಲ್ಲ’ ಅನ್ನುತ್ತೇವೆ. ಆಟದಿಂದ ತಂತ್ರಕ್ಕೆ ಹೋಗುವ ದಾರಿ ಕನ್ನಡಕ್ಕೆ ಹೊಸದೇನಲ್ಲ, ಅಲ್ವಾ? ತಮಿಳು, ಮಲಯಾಳದಲ್ಲೂ ಇದು ‘ಕಿಲ್ಲಾಡಿ’ ಆಗಿ, ಚಾಲಾಕಿ ಮನುಷ್ಯ ಅನ್ನುವ ಅರ್ಥದಲ್ಲೇ ಓಡಾಡುತ್ತಿದೆ.

ಈ ಪದವನ್ನು ಊರೂರಿಗೆ ಮುಟ್ಟಿಸಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. 1966ರಲ್ಲಿ ಜಿ.ವಿ. ಅಯ್ಯರ್ ನಿರ್ದೇಶನದಲ್ಲಿ ರಾಜ್‌ಕುಮಾರ್ ಅವರ ‘ಕಿಲಾಡಿ ರಂಗ’ ಬಂತು. 1978ರಲ್ಲಿ ವಿಷ್ಣುವರ್ಧನ್ ಮತ್ತು ರಜನಿಕಾಂತ್ ಒಟ್ಟಿಗೆ ನಟಿಸಿದ ‘ಕಿಲಾಡಿ ಕಿಟ್ಟು’ ಬಂತು. ತೆಲುಗಿನಲ್ಲಿ 1980ರಲ್ಲಿ ‘ಕಿಲಾಡಿ ಕೃಷ್ಣುಡು’. ತಮಿಳಿನಲ್ಲಿ 2013ರಲ್ಲಿ ‘ಕೇಡಿ ಬಿಲ್ಲಾ ಕಿಲ್ಲಾಡಿ ರಂಗಾ’.

ಆ ಹೆಸರುಗಳನ್ನು ಇನ್ನೊಮ್ಮೆ ನೋಡಿ. ರಂಗ, ಕಿಟ್ಟು, ಕೃಷ್ಣುಡು, ಮತ್ತೆ ರಂಗ. ಕಿಟ್ಟು ಅನ್ನುವುದು ಕೃಷ್ಣನಿಗೆ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು. ದಾಸರ ಪದಗಳಲ್ಲಿ ರಂಗನೂ ಅವನೇ. ಕಿಲಾಡಿಗೆ ಜೋಡಿಯಾಗಿ ಹೆಸರು ಹುಡುಕುವಾಗ ನಾಲಿಗೆ ತಾನಾಗಿಯೇ ಕೃಷ್ಣನ ಕಡೆ ಹೊರಳುತ್ತದೆ. ನನಗಂತೂ ಇದು ಆಕಸ್ಮಿಕ ಅನ್ನಿಸುವುದಿಲ್ಲ. ಕಿಲಾಡಿ ಪದ ಹೊರಗಿನಿಂದ ಬಂದಿರಬಹುದು. ಅದು ಹೇಳುವ ಮನುಷ್ಯ ನಮಗೆ ಮೊದಲಿನಿಂದಲೂ ಗೊತ್ತಿದ್ದವನೇ.

ಪುರಂದರದಾಸರ ‘ಗುಮ್ಮನ ಕರೆಯದಿರೆ’ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಮ್ಮನನ್ನು ಕರೀತೀನಿ ಅಂತ ತಾಯಿ ಹೆದರಿಸಿದ್ದಾಳೆ. ಪುಟ್ಟ ಕೃಷ್ಣ ಒಂದೊಂದೇ ಮಾತು ಕೊಡುತ್ತಾ ಹೋಗುತ್ತಾನೆ. ಹೆಣ್ಣುಮಕ್ಕಳಿದ್ದ ಕಡೆ ಹೋಗಿ ಅವರ ಕಣ್ಣು ಮುಚ್ಚಲ್ಲ. ಹುಡುಗರನ್ನು ಹೊಡೆಯಲ್ಲ. ಅಣ್ಣನನ್ನು ಬೈಯಲ್ಲ. ಬೆಣ್ಣೆ ಕೇಳಲ್ಲ. ಮಣ್ಣು ತಿನ್ನಲ್ಲ. ಕೇಳುವವರಿಗೆ ತಕ್ಷಣ ಹೊಳೆಯುತ್ತದೆ: ಇಷ್ಟು ದಿನ ಇಷ್ಟನ್ನೂ ಇವನು ಮಾಡಿದ್ದಾನೆ! ಕೊಟ್ಟ ಒಂದೊಂದು ಮಾತೂ ಒಂದೊಂದು ತಪ್ಪೊಪ್ಪಿಗೆ. ಹೆದರಿದ ಮಗುವಿನ ದನಿ, ಒಳಗೆ ಪೂರ್ತಿ ಚಾರ್ಜ್‌ಶೀಟು. ಇಡೀ ಹಾಡಿನಲ್ಲಿ ಕೋಪ ಅನ್ನುವುದು ಎಲ್ಲೂ ಇಲ್ಲ. ‘ಒಳ್ಳೇ ಕಿಲಾಡಿ’ ಅನ್ನುವಾಗ ನಮ್ಮ ದನಿಯಲ್ಲಿ ಬರುವ ಸಲಿಗೆ ಇದೇ.

ಹಿಂದಿ ಸಿನಿಮಾದ ಖಿಲಾಡಿ ಬೇರೆ ದಾರಿ ಹಿಡಿದ. 1992ರಲ್ಲಿ ಅಬ್ಬಾಸ್-ಮಸ್ತಾನ್ ನಿರ್ದೇಶಿಸಿದ ‘ಖಿಲಾಡಿ’ಯಲ್ಲಿ ಕಾಲೇಜು ಗೆಳೆಯರು ಪಂಥ ಕಟ್ಟಿ ಕೀಟಲೆ ಮಾಡುತ್ತಾರೆ. ಒಂದು ಕೀಟಲೆ ಕೈಮೀರಿ ಹೋಗುತ್ತದೆ. ಆಮೇಲೆ ‘ಮೈ ಖಿಲಾಡಿ ತೂ ಅನಾರಿ’, ‘ಖಿಲಾಡಿಯೋಂ ಕಾ ಖಿಲಾಡಿ’ ಅಂತ ಸಾಲು ಸಾಲಾಗಿ ಬಂದು, ಅಕ್ಷಯ್ ಕುಮಾರ್ ಹೆಸರಿನ ಪಕ್ಕದಲ್ಲಿ ಖಿಲಾಡಿ ಬಿರುದಾಗಿ ನಿಂತಿತು. ಎತ್ತರದಿಂದ ಹಾರುವವನು, ಹೊಡೆದಾಡುವವನು, ಅಪಾಯಕ್ಕೆ ಹೆದರದವನು. ನಮ್ಮ ಕಿಲಾಡಿಗೆ ಇಷ್ಟು ಮೈಕಸರತ್ತು ಬೇಕಾಗಿಲ್ಲ. ಅವನದೆಲ್ಲ ತಲೆಯ ಕೆಲಸ.

ಕಿಲಾಡಿಯನ್ನು ಅಕ್ಕಪಕ್ಕದ ಮಾತುಗಳ ಜೊತೆ ಬೆರೆಸಬಾರದು. ತುಂಟ ಅಂದರೆ ಹೆಚ್ಚಾಗಿ ಮಗು. ಅವನಿಗೆ ಲೆಕ್ಕಾಚಾರ ಗೊತ್ತಿಲ್ಲ, ಕೈಕಾಲು ಸುಮ್ಮನಿರಲ್ಲ ಅಷ್ಟೇ. ತರಲೆಯವನ ಬಂಡವಾಳ ಬಾಯಿ. ಉಪೇಂದ್ರ ಮೊದಲ ಸಲ ನಿರ್ದೇಶಿಸಿದ್ದು 1992ರ ‘ತರ್ಲೆ ನನ್ಮಗ’, ನಾಯಕ ಜಗ್ಗೇಶ್. ಹೆಸರು ಕೇಳಿದರೇ ಸಾಕು, ಮಾತಿಗೆ ಮಾತು ಎಸೆಯುವವನು ಕಣ್ಣಿಗೆ ಬರುತ್ತಾನೆ. ಕಿತಾಪತಿ ಅನ್ನುವುದು ಮಾಡಿದ ಕೆಲಸದ ಹೆಸರು. ಮಾಡಿದವನು ಅಲ್ಲಿರುವುದಿಲ್ಲ, ‘ಇದೆಲ್ಲಾ ಅವನದೇ ಕಿತಾಪತಿ’ ಅಂತ ಆಮೇಲೆ ಗೊತ್ತಾಗುತ್ತದೆ.

ಪೋಕರಿ, ಪೊರ್ಕಿಗಳ ಕಥೆಯೇ ಬೇರೆ. ತೆಲುಗಿನ ‘ಪೋಕಿರಿ’ 2006ರಲ್ಲಿ ಬಂತು. ಮರುವರ್ಷ ತಮಿಳಿನಲ್ಲಿ ‘ಪೋಕ್ಕಿರಿ’ ಆಯಿತು, 2009ರಲ್ಲಿ ಹಿಂದಿಯಲ್ಲಿ ‘ವಾಂಟೆಡ್’ ಆಯಿತು. 2010ರಲ್ಲಿ ದರ್ಶನ್ ಅದನ್ನು ಕನ್ನಡದಲ್ಲಿ ಮಾಡಿದಾಗ ಹೆಸರು ‘ಪೊರ್ಕಿ’. ಪೋಕರಿ ಅನ್ನುವ ಪದ ಕನ್ನಡದಲ್ಲಿ ಇದ್ದೂ ಅದನ್ನು ಬಿಟ್ಟರು. ಪೇಪರಿನಲ್ಲಿ ‘ಪುಂಡ ಪೋಕರಿಗಳ ಹಾವಳಿ’ ಅಂತ ಓದಿ ಓದಿ ಅದು ದೂರು ಅರ್ಜಿಯ ಪದವಾಗಿಬಿಟ್ಟಿದೆ. ಪೊರ್ಕಿ ಬೀದಿಯ ಮಾತು, ಗೆಳೆಯರು ಗೆಳೆಯನನ್ನು ಕರೆಯುವ ಮಾತು. ಪೋಸ್ಟರಿನ ಮೇಲೆ ಅದಕ್ಕೆ ಇರುವ ಖದರು ಪೋಕರಿಗೆ ಇಲ್ಲ. ಆದರೂ ಈ ಎರಡನ್ನೂ ಪಕ್ಕದ ಮನೆಯ ಹುಡುಗನ ಮೇಲೆ ಯಾರೂ ನಗ್ತಾ ಪ್ರಯೋಗಿಸುವುದಿಲ್ಲ. ಕಿಲಾಡಿಯನ್ನು ಪ್ರಯೋಗಿಸಬಹುದು.

ಹಾಗಾದರೆ ಯಾವಾಗ ಹೊಗಳಿಕೆ, ಯಾವಾಗ ಬೈಗುಳ? ನಾನು ನೋಡುವುದು ಒಂದನ್ನೇ: ಏಮಾರಿದವರು ಯಾರು?

ತೆನಾಲಿ ರಾಮಕೃಷ್ಣನ ಬಾವಿ ಕಥೆ ನಿಮಗೆ ಗೊತ್ತಿರುತ್ತದೆ. ತೋಟದಲ್ಲಿ ಕಳ್ಳರು ಅಡಗಿರುವುದು ಅವನ ಕಣ್ಣಿಗೆ ಬೀಳುತ್ತದೆ. ಅವರಿಗೆ ಕೇಳುವ ಹಾಗೆ ಹೆಂಡತಿಗೆ ಗಟ್ಟಿಯಾಗಿ ಹೇಳುತ್ತಾನೆ, ‘ಊರಲ್ಲಿ ಕಳ್ಳರ ಕಾಟ ಜಾಸ್ತಿಯಾಗಿದೆ, ಒಡವೆಯೆಲ್ಲ ಪೆಟ್ಟಿಗೆಗೆ ತುಂಬಿ ಬಾವಿಗೆ ಹಾಕಿಬಿಡೋಣ.’ ಪೆಟ್ಟಿಗೆಗೆ ಕಲ್ಲು ತುಂಬಿ ದೊಪ್ಪನೆ ಬಾವಿಗೆ ಎಸೆಯುತ್ತಾನೆ. ಕಳ್ಳರು ರಾತ್ರಿಯೆಲ್ಲಾ ನೀರು ಸೇದುತ್ತಾರೆ. ಇವನು ಸದ್ದಿಲ್ಲದೆ ಕಾಲುವೆ ತಿರುಗಿಸಿ ಗಿಡಗಳಿಗೆ ನೀರು ಬಿಡುತ್ತಾ ಇರುತ್ತಾನೆ. ಬೆಳಗಾಗುತ್ತಲೇ, ‘ಸಾಕಪ್ಪಾ, ಗಿಡಗಳಿಗೆಲ್ಲ ನೀರಾಯಿತು’ ಅನ್ನುತ್ತಾನೆ. ಇಲ್ಲಿ ಏಮಾರಿದವರು ಕಳ್ಳರು. ಅವರು ಕಳೆದುಕೊಂಡದ್ದು ಒಂದು ರಾತ್ರಿ ನಿದ್ದೆ. ಮಕ್ಕಳು ಕೇಕೆ ಹಾಕಿ ನಗುತ್ತಾರೆ, ನಗಲೇಬೇಕು.

ಏಮಾರಿದವನು ದೊಡ್ಡವನಾಗಿದ್ದರೆ, ಜಂಭದವನಾಗಿದ್ದರೆ, ಏಮಾರಿಸಿದವನನ್ನು ಕಿಲಾಡಿ ಅಂತ ಬೆನ್ನು ತಟ್ಟುತ್ತೇವೆ. ಗೆಳೆಯರ ನಡುವೆ ನಡೆದದ್ದಾಗಿದ್ದು, ಸೋತವನೂ ಕೊನೆಗೆ ನಕ್ಕರೆ ಅದೂ ಕಿಲಾಡಿತನವೇ. ಸೋತವನಿಗೆ ನಗು ಬರದಿದ್ದರೆ ಮಾತಿನ ಬಣ್ಣ ಬದಲಾಗುತ್ತದೆ. ಪಾಲುದಾರ ಲೆಕ್ಕದಲ್ಲಿ ಕೈ ಆಡಿಸಿದಾಗ ‘ಭಾರೀ ಕಿಲಾಡಿ ಅವನು, ಹುಷಾರು’ ಅನ್ನುತ್ತೇವಲ್ಲ, ಅದು ಎಚ್ಚರಿಕೆ.

ಇದಕ್ಕೇ ನನಗೆ ಟಿವಿ ಸುದ್ದಿಯ ‘ಕಿಲಾಡಿ ಲೇಡಿ’, ‘ಕಿಲಾಡಿ ಜೋಡಿ’ ಕೇಳಿದಾಗ ಸಂಕಟ ಆಗುತ್ತದೆ. ಫೋನ್ ಮಾಡಿ ಓಟಿಪಿ ಕೇಳಿ, ನಿವೃತ್ತ ಮೇಷ್ಟ್ರೊಬ್ಬರ ಖಾತೆ ಖಾಲಿ ಮಾಡಿದವನನ್ನು ಕಿಲಾಡಿ ಅಂದರೆ ಅವನ ಬೆನ್ನನ್ನೂ ಸ್ವಲ್ಪ ತಟ್ಟಿದ ಹಾಗೆಯೇ. ಮದುವೆ ಆಗ್ತೀನಿ ಅಂತ ನಂಬಿಸಿ ಒಡವೆ ದೋಚಿದವರಿಗೂ ಅದೇ ಪದ, ಹಿಂದೆ ಡೋಲಿನ ಸದ್ದು. ಮೋಸ ಹೋದವರು ಮನೆಯಲ್ಲಿ ಕೂತು ಅದನ್ನೇ ನೋಡುತ್ತಿರುತ್ತಾರೆ. ವಂಚಕ, ಮೋಸಗಾರ, ಕಳ್ಳ ಅನ್ನುವ ನೇರವಾದ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳನ್ನು ಬಳಸಬೇಕು.

ಟಿವಿಯಲ್ಲೇ ಈ ಪದ ಸರಿಯಾದ ಜಾಗದಲ್ಲಿ ಕೂತದ್ದೂ ಇದೆ. ಜೀ ಕನ್ನಡದಲ್ಲಿ 2016ರಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಹಳ್ಳಿ, ಸಣ್ಣ ಊರುಗಳಿಂದ ಬಂದ ಎಷ್ಟೋ ನಟರನ್ನು ಮನೆಮಾತಾಗಿಸಿತು. ತೀರ್ಪುಗಾರರಲ್ಲಿ ಆ ‘ತರ್ಲೆ ನನ್ಮಗ’ ಜಗ್ಗೇಶ್ ಕೂಡ ಇದ್ದರು. ಅಲ್ಲಿ ಕಿಲಾಡಿ ಅಂದರೆ ನಗಿಸುವ ಕಲೆ ಗೊತ್ತಿರುವವನು.

ಕೊನೆಯದಾಗಿ, ಹಲವರು ಇದರ ಜೊತೆಗೇ ಕೇಳುವ ಇನ್ನೊಂದು ಮಾತು: ಬರೆಯುವಾಗ ‘ಕಿ’ ಹಾಕಬೇಕಾ, ‘ಖಿ’ ಹಾಕಬೇಕಾ? ಹಿಂದಿ ಸಿನಿಮಾದ ಹೆಸರು ಬರೆಯುವಾಗ ಖಿಲಾಡಿ ಅಂತಲೇ ಬರೆಯಿರಿ. ನಿಮ್ಮ ಹುಡುಗನ ಬಗ್ಗೆ ಬರೆಯುವಾಗ ಕಿಲಾಡಿ ಸಾಕು. ನಾವೆಲ್ಲ ಆಡುವುದೂ ಹಾಗೇ. ಪಕ್ಕದ ಮನೆಯವರು ಮತ್ತೆ ಸಿಕ್ಕಿ ಅದೇ ಮಾತು ಅಂದರೆ, ‘ಹೂಂ ಕಣ್ರೀ, ಅವರಪ್ಪನ ಥರಾನೇ’ ಅನ್ನಿ.